ಮಾವನವರ ರಾಜೀನಾಮೆ

ಸೋಪಿನ ನೀರಲ್ಲಿ ಅದ್ದಿದ ಬಟ್ಟೆಯನ್ನು ಹಿಂಡಿ ಅಳಿಯ ವಿಮಾನದ ಹೊಟ್ಟೆ ಒರೆಸುತ್ತಿದ್ದ. ತೊಳೆಯುವುದು ಮೆಕ್ಯಾನಿಕ್‌ನ ಕೆಲಸ. ಆದರೆ ಇವತ್ತು, "ನೀನು ಹೋಗಿ ಟೀ ಕುಡಿದು ಬಾರಯ್ಯ, ನನ್ನ ಮೈಯೂ ಸ್ವಲ್ಪ ಬಗ್ಗಲಿ" ಎಂದು ಅವನನ್ನು ಸಾಗಹಾಕಿದ್ದ.

ಮೆಕ್ಯಾನಿಕ್ ಎರಡು ಹೆಜ್ಜೆ ಹೋಗಿ ತಿರುಗಿದ. "ಸೂರ್ಯ ಯಾವ ಕಡೆ ಹುಟ್ಟಿದಾನೆ ಅಂತ ನೋಡೋಣ ಅಂದ್ರೆ ಹಾಳು ಮೋಡ ಅಡ್ಡ" ಎಂದು ನಗುತ್ತಲೇ ಹೋದ.

ವಿಮಾನ ಹಾರಿಸುವುದನ್ನು ಕಲಿಸುವ ಆ ಶಾಲೆ ದೊಡ್ಡದೇನಲ್ಲ. ಒಂದು ರನ್‌ವೇ, ಒಂದು ತಗಡಿನ ಶೆಡ್ಡು, ಎರಡು ವಿಮಾನ, ಒಂದು ದೊಡ್ಡ ಕುರ್ಚಿ. ಕುರ್ಚಿಯಲ್ಲಿ ಮುಖ್ಯ ಶಿಕ್ಷಕರು, ಅಂದರೆ ಅಳಿಯನ ಹೆಂಡತಿಯ ತಂದೆ. ಪಕ್ಕದ ಸ್ಟೂಲಿನಲ್ಲಿ ಉಪಶಿಕ್ಷಕ, ಅಂದರೆ ಅವನು. ಮಾವನವರ ರಾಜೀನಾಮೆ ಸಹಿ ಹಾಕಿಸಿಕೊಂಡು, ಲಕೋಟೆ ಸೇರಿ, ಅಂಚೆಚೀಟಿಯನ್ನೂ ಅಂಟಿಸಿಕೊಂಡು ಎರಡು ವರ್ಷದಿಂದ ಡ್ರಾಯರಿನಲ್ಲಿ ಮಲಗಿತ್ತು. "ಕಳಿಸ್ತೀನಿ ಅಳಿಯಂದಿರೇ, ಅವಸರ ಯಾಕೆ?" ಎನ್ನುತ್ತ ಅವರು ಊಟದಲ್ಲಿ ಇನ್ನೊಂದು ಸೌಟು ಬಡಿಸಿಕೊಳ್ಳುವರು. ಆ ಸೌಟಿನ ಸದ್ದು ಅಳಿಯನಿಗೆ ಎದೆಯ ಮೇಲೆ ಬಡಿದಂತಾಗುತ್ತಿತ್ತು.

ಎಂಟು ತಿಂಗಳು ಕೂತು ತಿದ್ದಿ ತೀಡಿದ ಯೋಜನೆ ಅವನದು. ವಿಮಾನದ ಎರಡೂ ಪಕ್ಕೆಗಳಲ್ಲಿ ಸಣ್ಣ ಸಣ್ಣ ರಂಧ್ರಗಳಿರುತ್ತವೆ. ಹೊರಗಿನ ಗಾಳಿಯ ಒತ್ತಡ ಅವುಗಳಿಂದ ಒಳಗೆ ಹೋದರೆ ಮಾತ್ರ ಎತ್ತರದ ಮುಳ್ಳೂ ವೇಗದ ಮುಳ್ಳೂ ನಿಜ ಹೇಳುತ್ತವೆ. ತೊಳೆಯುವಾಗ ನೀರು ನುಗ್ಗದಿರಲೆಂದು ಅವುಗಳ ಮೇಲೆ ಕೆಂಪು ಟೇಪು ಅಂಟಿಸಿ, ಆಮೇಲೆ ಕಿತ್ತುಹಾಕುತ್ತಾರೆ. ಅಳಿಯ ಅಂಟಿಸಿದ್ದು ಬಣ್ಣವಿಲ್ಲದ ಟೇಪು. ಕೀಳಲಿಲ್ಲ.

ಮಿಕ್ಕಿದ್ದನ್ನು ಮೋಡ ನೋಡಿಕೊಳ್ಳುತ್ತದೆ. ಕೈ ಮರೆಯದಿರಲೆಂದು ಮಾವನವರು ಪ್ರತಿ ಸೋಮವಾರ ಒಬ್ಬರೇ ಮೋಡದೊಳಗೆ ಹೋಗಿಬರುವರು. ನೆಲವೂ ಆಕಾಶವೂ ಕಾಣದ ಆ ಬಿಳುಪಿನಲ್ಲಿ ಮುಳ್ಳುಗಳೇ ಕಣ್ಣು. ಎತ್ತರದ ಮುಳ್ಳು ನೆಲದ ಲೆಕ್ಕದಲ್ಲೇ ನಿಂತುಬಿಡುತ್ತದೆ. ಮೇಲೇರಿದಷ್ಟೂ ವೇಗದ ಮುಳ್ಳು ಸುಮ್ಮಸುಮ್ಮನೆ ಇಳಿಯುತ್ತದೆ. ವೇಗ ಸತ್ತಿತೆಂದು ಮುದುಕ ಗಾಬರಿಯಾಗಿ ಮೂತಿ ಕೆಳಗೆ ಬಗ್ಗಿಸುತ್ತಾನೆ... ಇಲ್ಲಿಗೆ ಬಂದಾಗ ಅಳಿಯ ಯೋಚನೆಯನ್ನು ಮರ್ಯಾದೆಯಿಂದ ನಿಲ್ಲಿಸುತ್ತಿದ್ದ. ಮಾವನನ್ನು ಕೊಲ್ಲುವಷ್ಟು ಕೆಟ್ಟವನು ತಾನಲ್ಲ. ಟೇಪು ಅಂಟಿಸುವವನು, ಅಷ್ಟೇ. ಬದುಕಿ ಬಂದರೆ ಹೆದರಿ ಪತ್ರ ಕಳಿಸುತ್ತಾರೆ. ಬಾರದಿದ್ದರೆ ಪತ್ರದ ಅಗತ್ಯವೇ ಇಲ್ಲ. ತಪ್ಪು ಮೆಕ್ಯಾನಿಕ್‌ನ ತಲೆಗೆ, ತೊಳೆದದ್ದಕ್ಕೆ ಸಹಿ ಹಾಕುವವನು ಅವನೇ ತಾನೇ. ಶ್ರದ್ಧಾಂಜಲಿ ಭಾಷಣವೂ ಸಿದ್ಧವಿತ್ತು. "ತಂದೆಯ ಸಮಾನರು" ಎನ್ನುವಲ್ಲಿ ಗಂಟಲು ಎಷ್ಟು ಕಟ್ಟಬೇಕೆಂಬುದನ್ನೂ ಕನ್ನಡಿಯ ಮುಂದೆ ಕಲಿತಿದ್ದ.

ಹತ್ತು ಗಂಟೆಗೆ ಮಾವನವರು ಬಂದರು. ವಿಮಾನಕ್ಕೆ ಒಂದು ಸುತ್ತು ಹಾಕಿ, ರೆಕ್ಕೆ ತಟ್ಟಿ, ಬಾಲ ಅಲ್ಲಾಡಿಸಿ ನೋಡಿದರು. "ಫಳಫಳ ಅಂತಿದೆಯಲ್ಲ ಅಳಿಯಂದಿರೇ!"

"ಎಲ್ಲಾ ನಿಮಗೋಸ್ಕರ ಮಾವ."

"ನಿಮ್ಮತ್ತೆಗೆ ಹೇಳಿ, ಊಟಕ್ಕೆ ಬಂದುಬಿಡ್ತೀನಿ."

ಅಳಿಯ ತಲೆಯಾಡಿಸಿ, ಒದ್ದೆ ಬಟ್ಟೆಯನ್ನು ಇನ್ನೊಮ್ಮೆ ಹಿಂಡಿದ.

ವಿಮಾನ ಮೋಡದಲ್ಲಿ ಮುಳುಗಿದ ಮೇಲೆ ಅವನು ತರಗತಿಗೆ ಹೋದ. ಹಿಂದಿನ ವಾರ ತಾನೇ ಬರೆದ ಪಾಠ ಹಲಗೆಯ ಮೇಲೆ ಇನ್ನೂ ಇತ್ತು: ಮುಳ್ಳು ಸುಳ್ಳು ಹೇಳಿದರೆ ಅದರ ಬೆನ್ನು ಹತ್ತಬೇಡಿ. ಮೂತಿಯ ಮಟ್ಟ ತೋರಿಸುವ ಉಪಕರಣಕ್ಕೆ ಆ ರಂಧ್ರಗಳ ಹಂಗಿಲ್ಲ. ಮೂತಿಯನ್ನು ಗೊತ್ತಿರುವ ಮಟ್ಟದಲ್ಲಿ, ಇಂಜಿನ್ನನ್ನು ಗೊತ್ತಿರುವ ಸದ್ದಿನಲ್ಲಿ ಇಟ್ಟುಕೊಂಡು ಸುಮ್ಮನಿರಿ. ಈ ಪಾಠ ಬಂದಾಗಲೆಲ್ಲ ಮಾವನವರು ಹಿಂದಿನ ಬೆಂಚಿನಲ್ಲಿ ಕಣ್ಣು ಮುಚ್ಚಿ ಕೂತಿರುತ್ತಿದ್ದರು. ಆ ನಿದ್ದೆಯನ್ನೂ ಅವನು ಲೆಕ್ಕಕ್ಕೆ ಹಿಡಿದಿದ್ದ.

ಮುಕ್ಕಾಲು ಗಂಟೆ ಕಳೆದ ಮೇಲೆ ಇಂಜಿನ್ ಸದ್ದು ಕೇಳಿ ಅಳಿಯ ಹೊರಗೆ ಓಡಿಬಂದ. ಮೋಡದಡಿಯಿಂದ ವಿಮಾನ ಕಾಣಿಸಿಕೊಂಡು ಹೂವಿನಂತೆ ಇಳಿಯಿತು. ಮಾವನವರು ನೇರವಾಗಿ ಅದರ ಪಕ್ಕೆಗೆ ಹೋಗಿ, ಬೆರಳಾಡಿಸಿ, ಉಗುರಿನಿಂದ ಟೇಪು ಕೆರೆದು ಕಿತ್ತರು. ಟೀ ಮುಗಿಸಿ ಬಂದಿದ್ದ ಮೆಕ್ಯಾನಿಕ್‌ನ ಮುಖ ಬಿಳಿಚಿಕೊಂಡಿತು.

"ಇವನದೇ ಕೆಲಸ ಮಾವ..."

"ಇವನನ್ನ ಯಾಕೆ ಅಂತೀರಿ? ಹತ್ತೋ ಮುಂಚೆ ನೋಡ್ಕೋಬೇಕಾದವನು ನಾನು. ನನ್ನ ಕಣ್ಣಿಗೆ ಬೀಳಲಿಲ್ಲ." ಅವರು ಟೇಪನ್ನು ಉಂಡೆ ಮಾಡಿ ಜೇಬಿಗೆ ಹಾಕಿಕೊಂಡರು. "ಮುಳ್ಳು ಅಲ್ಲಾಡ್ದೇ ಇದ್ದಾಗ ನಿಮ್ಮ ಪಾಠ ನೆನಪಾಯ್ತು. ಮೂತಿ, ಇಂಜಿನ್ ಸದ್ದು, ಅಷ್ಟೇ ಹಿಡ್ಕೊಂಡೆ. ವಾಚ್ ನೋಡ್ಕೊಂಡು, ಹತ್ತಿದ ಲೆಕ್ಕದಲ್ಲೇ ನಿಧಾನಕ್ಕೆ ಇಳಿದೆ. ಹೊಲ ಕಾಣ್ತು."

"ನೀವು ಪಾಠದಲ್ಲಿ ನಿದ್ದೆ ಮಾಡ್ತಿದ್ರಲ್ಲ!"

"ಬೆಳಕು ಚುಚ್ಚುತ್ತೆ ಅಂತ ಕಣ್ಣು ಮುಚ್ಕೋತಿದ್ದೆ. ಕಿವೀನೂ ಮುಚ್ಕೊಂಡಿದ್ನಾ?"

ಒಳಗೆ ಹೋಗಿ ಡ್ರಾಯರಿನಿಂದ ಲಕೋಟೆ ತೆಗೆದರು. "ಕಣ್ಣು ಮಂಜಾದವನು ಈ ಕುರ್ಚೀಲಿ ಕೂರಬಾರದು. ಇನ್ನು ವಿಮಾನ ಮುಟ್ಟಲ್ಲ. ಆದ್ರೆ ಕಾಗದಕ್ಕೆ ಮಾತ್ರ, ಒಂದು ಹನ್ನೆರಡು ದಿನ..."

"ಒಂದು ದಿನವೂ ಬೇಡ ಮಾವ! ಜೀವಕ್ಕಿಂತ ಹೆಚ್ಚೇ?"

"ಅಲ್ಲ, ಕೇಳಿ ಇಲ್ಲಿ, ನಿಮ್ಮ..."

"ನನ್ನದೇನು ಬಿಡಿ. ನಿಮ್ಮ ಮಗಳ ಮುಖ ನೋಡಿ." ಲಕೋಟೆ ಆಗಲೇ ಅವನ ಕೈಯಲ್ಲಿತ್ತು.

ಮಾವನವರು ಅವನನ್ನೇ ನೋಡಿದರು. ಕಣ್ಣಲ್ಲಿ ನೀರು ತುಂಬಿತು. "ಎಲ್ಲಾ ಗೊತ್ತಿದ್ದೂ ನನಗೋಸ್ಕರ ಇಷ್ಟು ದೊಡ್ಡ ತ್ಯಾಗ ಮಾಡ್ತೀರಾ?"

ಯಾವ ತ್ಯಾಗವೆಂದು ಅಳಿಯ ಕೇಳಲಿಲ್ಲ. ಪುಕ್ಕಟೆ ಸಿಕ್ಕ ಹೊಗಳಿಕೆಗೆ ತಲೆ ತಗ್ಗಿಸಿ ನಿಲ್ಲುವುದು ಅವನಿಗೆ ರೂಢಿ. ಒಂದು ಕ್ಷಣ ಹಾಗೆ ನಿಂತು, ಗೇಟಿನಾಚೆಯ ಅಂಚೆ ಕಚೇರಿಗೆ ಓಡಿದ.

ಶಾಲೆಯ ಅನುಮತಿ ಪತ್ರ ಮಾವನವರ ಕುರ್ಚಿಯ ಹಿಂದಿನ ಗೋಡೆಯ ಮೇಲೆ, ಗಾಜಿನ ಚೌಕಟ್ಟಿನಲ್ಲಿ ತೂಗುತ್ತಿತ್ತು. ಅಳಿಯ ಇಷ್ಟು ವರ್ಷ ಕುರ್ಚಿಯನ್ನು ನೋಡಿದ್ದನೇ ಹೊರತು ಗೋಡೆಯನ್ನು ನೋಡಿರಲಿಲ್ಲ. ಅದರ ಕೊನೆಯ ಸಾಲು ಹೀಗಿತ್ತು: ಮುಖ್ಯ ಶಿಕ್ಷಕರ ರಾಜೀನಾಮೆ ಅಂಚೆಗೆ ಬಿದ್ದ ದಿನಕ್ಕೆ ಐದು ವರ್ಷ ಪೂರೈಸಿದ ಉಪಶಿಕ್ಷಕನಿದ್ದರೆ ಸ್ಥಾನ ಅವನಿಗೆ, ಇಲ್ಲದಿದ್ದಲ್ಲಿ ಶಾಲೆಯನ್ನು ಮುಚ್ಚತಕ್ಕದ್ದು. ಅಳಿಯನಿಗೆ ಐದು ವರ್ಷ ತುಂಬಲು ಇನ್ನು ಹನ್ನೆರಡು ದಿನವಿತ್ತು. ಅದು ತುಂಬಲೆಂದೇ ಮುದುಕರು ಕಾಗದವನ್ನು ಎರಡು ವರ್ಷ ತಡೆದಿಟ್ಟುಕೊಂಡಿದ್ದರು. ಅಂಚೆಯವನು ಲಕೋಟೆಯ ಮೇಲೆ ದಿನದ ಮುದ್ರೆ ಒತ್ತಿದ. ತಾರೀಖು ಸ್ಪಷ್ಟವಾಗಿ ಮೂಡಿದೆಯೇ ಎಂದು ಅಳಿಯ ಬಗ್ಗಿ ನೋಡಿ, ಸ್ವಲ್ಪ ಮಸುಕಾಗಿದೆ ಅನ್ನಿಸಿ, "ಇನ್ನೊಂದು ಸಲ ಗಟ್ಟಿಯಾಗಿ ಒತ್ತಿಬಿಡಿ ಸ್ವಾಮಿ" ಎಂದ.