ಬದನೆಕಾಯಿ ಎತ್ತು

ಇದು ನಡೆದದ್ದು ಹಾಡುಹಗಲೇ. ಹಮಾಮತ್ಸುವಿನ ನನ್ನ ಗ್ಯಾರೇಜಿಗೆ ಕಿಯೋನೊ ಅಜ್ಜಿ, ತೀರಿಹೋದ ಗಂಡನ ಹಳೇ ಮೋಟಾರ್‌ಸೈಕಲ್ ತಳ್ಳಿಕೊಂಡು ಬಂದಳು. ಸೈಲೆನ್ಸರ್ ಹೊತ್ತುಗೊತ್ತಿಲ್ಲದೆ ಢಂ ಎನ್ನುತ್ತಿತ್ತಂತೆ. ಕಿಡಿಯ ಟೈಮಿಂಗ್ ಸರಿಮಾಡಿದೆ, ಕಾರ್ಬ್ಯುರೇಟರ್ ಬಿಚ್ಚಿ ತೊಳೆದೆ. ಕೊನೆಗೆ ಪೆಟ್ರೋಲನ್ನೂ ಬಸಿದು, ಕಿಡಿ ಹಾರಿಸುವ ಪ್ಲಗ್ಗನ್ನೇ ಕಿತ್ತು ಕೈಯಲ್ಲಿ ಹಿಡಿದೆ. ಆಗಲೂ ಢಂ ಎಂದಿತು. ತಣ್ಣಗಿದ್ದ ಪ್ಲಗ್ ಅಂಗೈಯಲ್ಲೇ ಸುಡತೊಡಗಿತು. ಅದನ್ನು ನೆಲಕ್ಕೆ ಎಸೆದೆ.

"ಯಾವಾಗಿಂದ ಹೀಗೆ, ಅಜ್ಜಿ?"

"ಬೋನ್ ಹಬ್ಬದಿಂದ ಕಣೋ ಸುಗಾಯ. ಸತ್ತೋರು ಮನೆಗೆ ಬಂದುಹೋಗೋ ಹಬ್ಬ ಅಲ್ವಾ, ಅವರು ಏರಿ ಬರಲಿ ಅಂತ ಸೌತೆಕಾಯಿಗೆ ಕಡ್ಡಿ ಕಾಲು ಚುಚ್ಚಿ ಕುದುರೆ ಮಾಡಿಟ್ಟೆ. ವಾಪಸ್ ಹೋಗೋಕೆ ಬದನೆಕಾಯಿ ಎತ್ತು ಇಡಬೇಕಲ್ಲ, ಅದಕ್ಕೆ ಮನಸ್ಸು ಬರಲಿಲ್ಲ."

"ಈಗಲಾದ್ರೂ ಇಡು ಮಾರಾಯ್ತಿ!"

"ಇನ್ಯಾಕೆ? ನಾನೇ ಜೊತೇಲಿ ಹೋಗ್ತೀನಿ," ಎಂದು ನಗುತ್ತಾ ಅಜ್ಜಿ ಹಿಂದಿನ ಸೀಟು ಹತ್ತಿದಳು. ಅವಳ ಭಾರಕ್ಕೆ ಅದರ ಸ್ಪ್ರಿಂಗು ಕುಸಿಯಿತು. ಖಾಲಿಯಿದ್ದ ಮುಂದಿನ ಸೀಟಿನದು ಆಗಲೇ ಕುಸಿದಿತ್ತು.