ಜಾರಿದ್ದು ಯಾರ ಗಂಟು

"ತಪ್ಪು ನಂದೇ ಮೇಡಂ," ಎಂದ ಅವನು, ಮೊಣಕಾಲುದ್ದ ಕೆಸರಿನಲ್ಲಿ ನಿಂತು. "ಬಲೆ ಕಟ್ಟಿದ್ದು ನಾನು. ಗಂಟು ಜಾರಿದೆ."

ಅವಳು ಆಗಷ್ಟೇ ಬಾಯಿ ತೆರೆದಿದ್ದಳು, ತಪ್ಪು ನನ್ನದು ಅಂತ ಹೇಳಲಿಕ್ಕೆ. ಅವನೇ ಮುಂಚೆ ಹೇಳಿಬಿಟ್ಟ. ಪಕ್ಕದಲ್ಲಿ ಇಲಾಖೆಯ ದೊಡ್ಡ ಸಾಹೇಬರು ಮೂಗಿಗೆ ಕರ್ಚೀಫ್ ಒತ್ತಿಕೊಂಡು ನಿಂತಿದ್ದರು. ಅಣೆಕಟ್ಟಿನ ಕೆಳಗೆ, ಕಾಲುವೆಯ ಕಲ್ಲುಗಳ ಮೇಲೆ, ಕೆರೆಯ ಮೀನೆಲ್ಲ ಹೊಟ್ಟೆ ಮೇಲಾಗಿ ಬಿದ್ದಿತ್ತು. ತೆರೆದ ಬಾಯನ್ನು ಅವಳು ಹಾಗೇ ಮುಚ್ಚಿಕೊಂಡಳು.

ಅವಳು ಆ ಹಳೆಯ ಅಣೆಕಟ್ಟಿನ ರಿಪೇರಿಗೆ ಬಂದ ಇಂಜಿನಿಯರ್. ಸ್ವತಂತ್ರವಾಗಿ ಸಿಕ್ಕ ಮೊದಲ ಕೆಲಸ. ಅವನು ಅಪ್ಪನ ಕಾಲದಿಂದ ಆ ಕೆರೆಯ ಮೀನು ಕಾಯುವವನು. ಊರಿನವರು ಯಾರು ಬೇಕಾದರೂ ಬಂದು ಗಾಳ ಹಾಕಬಹುದಾದ ಕೆರೆ ಅದು. ಗೋಡೆ ಬಿರುಕು ಬಿಟ್ಟು ನೀರು ಜಿನುಗುತ್ತಿತ್ತು, ತೂಬಿನ ಬಾಗಿಲು ತುಕ್ಕು ಹಿಡಿದಿತ್ತು. ಕೆರೆ ಖಾಲಿಯಾಗದೆ ರಿಪೇರಿ ಇಲ್ಲ. ಆದರೆ ನೀರನ್ನು ದಿನಕ್ಕಿಷ್ಟೇ ಅಂತ ನಿಧಾನವಾಗಿ ಬಿಡಬೇಕು. ಆಗ ಮೀನುಗಳು ನೀರಿನ ಜೊತೆ ಇಳಿದು ಆಳದ ಮಡು ಸೇರುತ್ತವೆ, ಅಲ್ಲಿಂದ ಹಿಡಿದು ಪಕ್ಕದ ಹೊಂಡಕ್ಕೆ ಸಾಗಿಸಬಹುದು. ತೂಬಿನೊಳಗೆ ಮೀನು ನುಗ್ಗದ ಹಾಗೆ ಅವನು ಅಡ್ಡ ಬಲೆ ಕಟ್ಟಿದ್ದ.

ಹಿಂದಿನ ಸಂಜೆ ಮೋಡ ಕಟ್ಟಿದ್ದನ್ನು ನೋಡಿ ಅವಳಿಗೆ ಆತಂಕವಾಗಿತ್ತು. ಮಳೆ ಹಿಡಿದರೆ ಕೆಲಸವೆಲ್ಲ ಹಿಂದೆ. ತೂಬಿನ ಚಕ್ರವನ್ನು ಒಬ್ಬಳೇ ಹೋಗಿ ಇನ್ನಷ್ಟು ತಿರುಗಿಸಿದಳು. ಬೆಳಕು ಹರಿಯುತ್ತಲೇ ಮೊದಲಿನ ಗುರುತಿಗೆ ತಂದು ನಿಲ್ಲಿಸಿದಳು. ಅವನಿಗೆ ಹೇಳಲಿಲ್ಲ, ಹೇಳುವಂಥದ್ದೇನಿದೆ ಅಂದುಕೊಂಡಳು. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ. ರಾತ್ರಿ ಹೆಚ್ಚಿದ ನೀರಿನ ಸೆಳೆತಕ್ಕೆ ಬಲೆಯೂ ಹಗ್ಗವೂ ಒಟ್ಟಿಗೇ ಕೊಚ್ಚಿಹೋದವು. ಬಿಚ್ಚಿ ನೋಡೋಣವೆಂದರೆ ಗಂಟೂ ಉಳಿದಿರಲಿಲ್ಲ.

ಆ ದಿನದಿಂದ ಊರಿಗೆ ಅವನು "ಜಾರುಗಂಟು" ಆದ. ಹೆಸರಿಟ್ಟವರು ಟೀಚರಮ್ಮ. ರಿಟೈರ್ ಆದ ಮೇಲೆ ದಿನವೂ ಮಡಿಸುವ ಕುರ್ಚಿ ಹೊತ್ತುಕೊಂಡು ದಂಡೆಗೆ ಬರುವುದು ಅವರ ಅಭ್ಯಾಸ. ಕೆರೆ ಖಾಲಿಯಾದರೂ ಬಿಡಲಿಲ್ಲ, ಕೆಸರಿನ ಎದುರು ಗಾಳ ಹಿಡಿದು ಕೂರುತ್ತಿದ್ದರು. "ಏನೋ ಜಾರುಗಂಟು, ಚಪ್ಪಲಿ ಸರಿಯಾಗಿ ಕಟ್ಕೊಂಡಿದೀಯಾ?" ಅನ್ನುವರು. ಅವನು ನಗುವನು. ಅವಳಿಗೆ ಮಾತ್ರ ಆ ನಗು ಬಿಸಿತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ನಾಳೆ ಹೇಳುತ್ತೇನೆ ಅಂದುಕೊಂಡಳು. ಗೋಡೆಯ ಬಿರುಕಿಗೆ ಸಿಮೆಂಟ್ ತುಂಬಿಸುವಾಗಲೂ ನಾಳೆ, ಹೊಸ ತೂಬಿನ ಬಾಗಿಲು ಕೂರಿಸುವಾಗಲೂ ನಾಳೆ. ಅಷ್ಟರಲ್ಲಿ ಇನ್ನೊಂದು ತೊಂದರೆ ಶುರುವಾಯಿತು. ಅವನು ಅವಳಿಗೆ ಇಷ್ಟವಾಗತೊಡಗಿದ.

ಬತ್ತಿದ ಕೆರೆಯ ನೆಲದಲ್ಲಿ ಇಬ್ಬರೂ ನಡೆದಾಡುತ್ತಿದ್ದರು. ಮುಂದೆ ಬರುವ ಮೀನುಗಳಿಗೆ ಅಡಗಲು ಜಾಗ ಬೇಕಲ್ಲ, ಕಲ್ಲಿನ ಗುಡ್ಡೆ ಎಲ್ಲಿ, ಮರದ ಬೊಡ್ಡೆ ಎಲ್ಲಿ ಅಂತ ಜಗಳ.

"ಇಲ್ಲೊಂದು ಬೊಡ್ಡೆ ಹಾಕಿದ್ರೆ?" ಅವಳು ಕೇಳುವಳು.

"ಮೀನಿಗೆ ಬಾಗಿಲ ಎದುರೇ ಹಾಸಿಗೆ ಹಾಕಿದ ಹಾಗಾಗುತ್ತೆ ಮೇಡಂ."

"ನಿಮ್ಮ ಮೀನಿಗೆ ತುಂಬಾ ನಾಚಿಕೆ."

"ಕಾಯೋನ ಹಾಗೇ ಮೀನು," ಅನ್ನುವನು. ತನ್ನ ಹೆಲ್ಮೆಟ್ಟಿನ ಕೆಳಗಿನಿಂದ ಅವಳನ್ನೊಮ್ಮೆ ನೋಡಿ, ಸಿಕ್ಕಿಬಿದ್ದವನಂತೆ ಕಣ್ಣನ್ನು ಕಲ್ಲಿನ ಗುಡ್ಡೆಗೆ ತಿರುಗಿಸುವನು. ಅವನ ಕಿವಿ ಕೆಂಪಾಗುವುದನ್ನು ಅವಳು ದಿನವೂ ಕಾಯುತ್ತಿದ್ದಳು.

ದಂಡೆಯ ಮೇಲೆ ಅವನ ಅಕ್ಕನ ಟೀ ಅಂಗಡಿ. ಅಕ್ಕನ ಕಣ್ಣಿಗೆ ಏನೂ ತಪ್ಪುವುದಿಲ್ಲ. "ಟೀಗೆ ಸಕ್ಕರೆ ಬೇಡ ಅಂತಾನೆ ಇತ್ತೀಚೆಗೆ. ಯಾಕೋ ಗೊತ್ತಿಲ್ಲಪ್ಪ," ಅನ್ನುತ್ತ ಲೋಟ ಇಬ್ಬರ ನಡುವೆ ಇಟ್ಟು ಹೋಗುವಳು. ಒಂದು ಸಲ ಅಲ್ಲಿಯೇ ಅವನ ಶೂ ಲೇಸ್ ಬಿಚ್ಚಿಕೊಂಡಿದ್ದನ್ನು ನೋಡಿ, ಟೀ ಕುಡಿಯುತ್ತಿದ್ದ ಅವಳ ಬಾಯಿಂದಲೇ "ಏನ್ರೀ ಜಾರುಗಂಟು!" ಅಂತ ಬಂದುಬಿಟ್ಟಿತು. ಎಲ್ಲರೂ ನಕ್ಕರು, ಅವನೂ ನಕ್ಕ. ಆ ರಾತ್ರಿ ಅವಳಿಗೆ ಅನ್ನ ಇಳಿಯಲಿಲ್ಲ.

ಮಳೆ ಬಂತು, ಕೆರೆ ತುಂಬಿತು. ರಿಪೇರಿಯಾದ ಗೋಡೆಯಿಂದ ಒಂದು ಹನಿಯೂ ಜಿನುಗಲಿಲ್ಲ. ಮೀನುಮರಿ ಬಿಡುವ ದಿನ ಊರೇ ದಂಡೆಗೆ ಬಂತು, ದೊಡ್ಡ ಸಾಹೇಬರೂ ಬಂದರು.

ಮರಿಗಳು ಬರುವುದು ಗಾಳಿ ತುಂಬಿ ಬಿಗಿದ ಪ್ಲಾಸ್ಟಿಕ್ ಚೀಲಗಳಲ್ಲಿ. ತಂದ ಕೂಡಲೇ ಸುರಿಯುವಂತಿಲ್ಲ. ಚೀಲವನ್ನು ಹಾಗೇ ಕೆರೆಯಲ್ಲಿ ತೇಲಿಸಿ, ಒಳಗಿನ ನೀರಿಗೂ ಹೊರಗಿನ ನೀರಿಗೂ ಒಂದೇ ತಂಪು ಬರುವವರೆಗೆ ಹಿಡಿದು ನಿಲ್ಲಬೇಕು. ಅವಸರ ಮಾಡಿದರೆ ಮರಿಗಳು ಸಾಯುತ್ತವೆ. ಅವನ ದೋಣಿಯ ಪಕ್ಕ, ಸೊಂಟದುದ್ದ ನೀರಿನಲ್ಲಿ ಇಬ್ಬರೂ ಎದುರುಬದುರು ನಿಂತರು.

"ಸಾಹೇಬ್ರಿಗೆ ಹೇಳಿದೀನಿ ಮೇಡಂ," ಎಂದ ಅವನು ಮೆಲ್ಲಗೆ. "ಇವನ್ನ ಬಿಟ್ಟು, ಬಲೆ ಇಡೋ ಶೆಡ್ಡಿನ ಕೀಲಿಕೈ ಕೊಟ್ಟು ಹೊರಟುಬಿಡ್ತೀನಿ."

"ಎಲ್ಲಿಗೆ? ಯಾಕೆ?"

"ಆ ಕಾಲುವೆ ನೋಡಿದಾಗೆಲ್ಲ ಸತ್ತ ಮೀನೇ ಕಣ್ಣಿಗೆ ಬರುತ್ತೆ. ಅಪ್ಪ ಕೈ ಹಿಡಿದು ಕಲಿಸಿದ ಗಂಟು ಅದು." ಅವನು ಚೀಲದೊಳಗಿನ ಮರಿಗಳನ್ನೇ ನೋಡುತ್ತಿದ್ದ. "ನಿಮ್ಮ ಹತ್ರ ಒಂದು ಮಾತು ಕೇಳ್ಬೇಕು ಅಂತ ಆಸೆ ಇತ್ತು. ಯಾವ ಮುಖ ಇಟ್ಕೊಂಡು ಕೇಳ್ಲಿ? ನಿಮ್ಮ ಮೊದಲ ಕೆಲಸಾನೇ ಹಾಳು ಮಾಡ್ದೋನು ನಾನು."

ಇಷ್ಟು ದಿನ ಅವಳು ಕಾದದ್ದು ಆ ಒಂದು ಮಾತಿಗೇ. ಸುಮ್ಮನಿದ್ದರೆ ಅವನು ಹೊರಟುಹೋಗುತ್ತಾನೆ, ಹೇಳಿದರೆ ಅವನ ಮನಸ್ಸೇ ಹೊರಟುಹೋಗಬಹುದು.

"ನಿಮ್ಮ ಗಂಟು ಜಾರಲಿಲ್ಲ," ಎಂದಳು. "ಹಿಂದಿನ ಸಂಜೆ ಚಕ್ರ ಜಾಸ್ತಿ ತಿರುಗಿಸಿದ್ದು ನಾನು. ಬೆಳಿಗ್ಗೆ ವಾಪಸ್ ತಿರುಗಿಸಿಟ್ಟೆ. ಆ ಸೆಳೆತಕ್ಕೆ ಯಾರ ಗಂಟೂ ನಿಲ್ತಿರಲಿಲ್ಲ. ಅವತ್ತು ಹೇಳೋಕೆ ಬಾಯಿ ತೆರೆದೆ, ಅಷ್ಟರಲ್ಲಿ ನೀವು ನಂದೇ ತಪ್ಪು ಅಂದ್ರಿ. ನಾನು ಬಾಯಿ ಮುಚ್ಕೊಂಡೆ."

ಅವನ ದವಡೆ ಬಿಗಿಯಿತು. ತಿರುಗಿ ನಡೆದುಬಿಡುತ್ತಾನೆ ಅಂದುಕೊಂಡಳು, ಆದರೆ ಕೈಯಲ್ಲಿ ಚೀಲವಿತ್ತು, ಚೀಲದಲ್ಲಿ ಮರಿಗಳಿದ್ದವು. ಎಷ್ಟು ಕೋಪ ಬಂದರೂ ಅವನು ಅಲ್ಲೇ, ಅವಳೆದುರಿಗೇ ನಿಂತಿರಬೇಕಾಗಿತ್ತು.

"ಟೀ ಅಂಗಡೀಲಿ ನಗ್ತಾ ನಗ್ತಾ ನನ್ನ ಜಾರುಗಂಟು ಅಂತ ಕರೆದೆಯಲ್ಲ," ಎಂದ ಕೊನೆಗೆ. "ಎಲ್ಲ ಗೊತ್ತಿದ್ದೂ ಕರೆದೆಯಲ್ಲ."

ಮೇಡಂ ಅನ್ನುವುದು ಬಿಟ್ಟು ಒಮ್ಮೆ ಹೀಗೆ ಮಾತಾಡಿಸಲಿ ಅಂತ ಅವಳು ಎಷ್ಟೋ ಸಲ ಆಸೆಪಟ್ಟಿದ್ದಳು. ಈಗ ಕಣ್ಣಲ್ಲಿ ನೀರು ತುಂಬಿತು, ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ. ದಂಡೆಯ ಕಡೆ ತಿರುಗಿ ಗಂಟಲು ಬಿರಿಯುವಂತೆ ಕೂಗಿದಳು.

"ಎಲ್ರೂ ಕೇಳಿ! ಅವತ್ತು ಗಂಟು ಜಾರಿರಲಿಲ್ಲ! ನಾನು ತೂಬು ಜಾಸ್ತಿ ತೆಗೆದಿದ್ದೆ! ಮೀನು ಸತ್ತಿದ್ದು ನನ್ನಿಂದ!"

ದಂಡೆಯ ಮೇಲೆ ಅಕ್ಕನ ಕೈಯಲ್ಲಿದ್ದ ಟೀ ಕೆಟಲ್ ಹಾಗೇ ನಿಂತಿತು. ಟೀಚರಮ್ಮ ಕುರ್ಚಿಯಿಂದೆದ್ದು, "ಅಯ್ಯೋ, ಪಾಪದ ಹುಡುಗನಿಗೆ ಎಂಥಾ ಹೆಸರಿಟ್ಟುಬಿಟ್ಟೆನಲ್ಲ!" ಎಂದು ಹಣೆ ಬಡಿದುಕೊಂಡರು. ದೊಡ್ಡ ಸಾಹೇಬರು ಮಾತ್ರ ಗಡಸಾಗಿ, "ಸೋಮವಾರ ಆಫೀಸಿಗೆ ಬಾಮ್ಮ, ಮಾತಾಡೋದಿದೆ," ಎಂದರು.

"ಬರ್ತೀನಿ ಸಾರ್," ಎಂದಳು.

"ಈಗ ಬಿಚ್ಚಬಹುದು," ಎಂದ ಅವನು, ಅವಳ ಮುಖ ನೋಡದೆ. ಚೀಲದ ಬಾಯಿ ಬಿಗಿದಿದ್ದ ದಾರ ಅವಳ ಬೆರಳಿಗೆ ಬಗ್ಗಲಿಲ್ಲ. ಅವನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಕೈ ಚಾಚಿ ಬಿಚ್ಚಿಕೊಟ್ಟ. ಮರಿಗಳು ಒಂದು ಕ್ಷಣ ಚೀಲದ ಬಾಯಲ್ಲೇ ತಡವರಿಸಿ, ಬಿಡಿಬಿಡಿಯಾಗಿ ಹೊಸ ನೀರಿಗೆ ಹೋದವು.

ಜನ ಚದುರಿದ ಮೇಲೆ ಅವನು ದೋಣಿಯ ಹಗ್ಗವನ್ನು ಅವಳ ಕಾಲ ಬಳಿ ಎಸೆದ.

"ಇವತ್ತು ನೀನು ಕಟ್ಟು. ನಾಳೆ ಬೆಳಿಗ್ಗೆ ದೋಣಿ ಇಲ್ಲೇ ಇದ್ರೆ ಮಾತಾಡೋಣ. ಇಲ್ದಿದ್ರೆ ಇಲ್ಲ."

ತನಗೆ ಗೊತ್ತಿದ್ದ ಹಾಗೆ ಗೂಟಕ್ಕೆ ಸುತ್ತಿ ಸುತ್ತಿ ಕಟ್ಟಿದಳು. ಕಾಂಕ್ರೀಟ್ ಲೆಕ್ಕ ನೀರು ಕುಡಿದಷ್ಟು ಸುಲಭವಾಗಿ ಮಾಡುವವಳಿಗೆ ಒಂದು ಗಂಟು ಬರುತ್ತಿರಲಿಲ್ಲ. ಅವನು ಶೆಡ್ಡಿನ ಕಡೆ ನಡೆದ.

ಆ ರಾತ್ರಿ ಜೋರು ಗಾಳಿ. ಕ್ವಾರ್ಟರ್ಸಿನ ಕಿಟಕಿ ಬಡಿದುಕೊಂಡಾಗಲೆಲ್ಲ ಅವಳಿಗೆ ದೋಣಿ ಕೆರೆಯ ನಡುವಿಗೆ ಹೋದ ಹಾಗೆ ಕಾಣುತ್ತಿತ್ತು. ಬೆಳಕಾದದ್ದೇ ತಡ, ತಲೆಯನ್ನೂ ಬಾಚದೆ ದಂಡೆಗೆ ಓಡಿದಳು.

ದೋಣಿ ಅಲ್ಲೇ ಇತ್ತು.

ಹತ್ತಿರ ಹೋಗಿ ನೋಡಿದಳು. ಅವಳು ಕಟ್ಟಿದ ಹಗ್ಗ ಪೂರ್ತಿ ಬಿಚ್ಚಿಕೊಂಡು ನೀರಲ್ಲಿ ಬಿದ್ದಿತ್ತು. ದೋಣಿಯನ್ನು ಹಿಡಿದಿದ್ದು ಇನ್ನೊಂದು ಹಗ್ಗ. ಗೂಟದ ಬುಡದಲ್ಲಿ ಚಿಕ್ಕದಾದ, ಅಚ್ಚುಕಟ್ಟಾದ ಗಂಟು. ಎಳೆದಳು, ಅಲುಗಲಿಲ್ಲ.

ಶೆಡ್ಡಿನ ಮೆಟ್ಟಿಲ ಮೇಲೆ ಅವನು ಕೂತಿದ್ದ. ಕೀಲಿಕೈ ಇನ್ನೂ ಸೊಂಟದಲ್ಲೇ ಇತ್ತು, ಪಕ್ಕದಲ್ಲಿ ಎರಡು ಲೋಟ ಟೀ.

"ನನ್ನ ಗಂಟು ಜಾರಿತ್ತು," ಎಂದಳು.

"ಗೊತ್ತು. ಗಾಳಿ ಎದ್ದಾಗ ಬಂದು ನೋಡ್ದೆ."

"ಇನ್ನೂ ಕೋಪ ಇದೆಯಾ?"

"ಇದೆ. ಬೇಗ ಹೋಗೋದಲ್ಲ ಅದು."

"ಮತ್ಯಾಕೆ ಕಟ್ಟಿದ್ರಿ? ದೋಣಿ ಹೋಗಿದ್ರೆ ನನ್ನ ಜೊತೆ ಮಾತೇ ಆಡ್ಬೇಕಾಗಿರಲಿಲ್ಲ."

ಅವನು ಒಂದು ಲೋಟವನ್ನು ಅವಳ ಕಡೆ ಸರಿಸಿದ. ಕಿವಿ ನಿಧಾನವಾಗಿ ಕೆಂಪಾಗುತ್ತಿತ್ತು.

"ಅದಕ್ಕೇ ಕಟ್ಟಿದ್ದು," ಎಂದ.