ಮೊದಲ ಸಾಲಿನಲ್ಲಿ ಅಪ್ಪ

"ಸ್ವಲ್ಪ ನಿಧಾನಕ್ಕೆ ಮಾತಾಡ್ತೀರಾ? ನನಗಿರೋದು ಎರಡೇ ಕೈ!"

ವಿಶ್ವವಿದ್ಯಾಲಯದ ಸಾರ್ವಜನಿಕ ಉಪನ್ಯಾಸ ಮುಗಿದು ವೇದಿಕೆ ಇಳಿಯುತ್ತಿದ್ದಂತೆ ಅವಳು ಅವನಿಗೆ ಆಡಿದ ಮೊದಲ ಮಾತೇ ಇದು. ಅವನು ಸಂಗೀತ ವಿಭಾಗದ ಮೇಷ್ಟ್ರು. ಮೈಕ್ ಸಿಕ್ಕರೆ ಬಾಯಿಗೆ ಬ್ರೇಕೇ ಇಲ್ಲ. ಅವಳು ಪಕ್ಕದಲ್ಲಿ ನಿಂತು, ಕಿವಿ ಕೇಳಿಸದವರಿಗೆ ಅವನ ಮಾತನ್ನು ಸನ್ನೆ ಭಾಷೆಯಲ್ಲಿ ದಾಟಿಸುವವಳು.

ಅವನು ನಕ್ಕ. "ಇನ್ಮೇಲೆ ಏನು ಮಾತಾಡ್ತೀನಿ ಅಂತ ಮೊದಲೇ ಹೇಳ್ಬಿಡ್ತೀನಿ. ಸರೀನಾ?"

ಅಂದಿನಿಂದ ಪ್ರತಿ ಉಪನ್ಯಾಸಕ್ಕೂ ಮುಂಚೆ ಇಬ್ಬರೂ ಕ್ಯಾಂಟೀನಿನಲ್ಲಿ ಕೂರುವುದು ರೂಢಿಯಾಯಿತು. ಅವನು ಹೇಳುತ್ತಿದ್ದ, ಅವಳ ಬೆರಳುಗಳು ಅಭ್ಯಾಸ ಮಾಡುತ್ತಿದ್ದವು. ಅವನ ಕಣ್ಣೆಲ್ಲ ಆ ಬೆರಳುಗಳ ಮೇಲೇ! ಅವಳಿಗೆ ಗೊತ್ತಿತ್ತು. ಗೊತ್ತಿಲ್ಲದವಳ ಹಾಗೆ ಇದ್ದಳು, ಅಷ್ಟೆ.

ಒಂದು ದಿನ, ಯಾರಿಗೂ ಹೇಳದ್ದನ್ನು ಅವನಿಗೆ ಹೇಳಿದಳು. ಚಿಕ್ಕವಳಿದ್ದಾಗ ಚೆನ್ನಾಗಿ ಹಾಡುತ್ತಿದ್ದಳು. ಅಪ್ಪನಿಗೆ ಕೇಳಿಸದ ಹಾಡು ತನಗ್ಯಾಕೆ ಎಂದು ಬಿಟ್ಟೇಬಿಟ್ಟಳು. ಅಪ್ಪನ ಹತ್ತಿರ ಮಾತ್ರ, ಹಾಡೋದು ನನಗೇ ಬೇಜಾರಾಯ್ತು ಎಂದು ಸುಳ್ಳು ಹೇಳಿದ್ದಳು.

"ಅಪ್ಪಂಗೆ ಗೊತ್ತಾದ್ರೆ ಎದೆ ಒಡೆದುಹೋಗುತ್ತೆ. ನಿಮ್ಮಲ್ಲೇ ಇರ್ಲಿ..."

"ನನ್ನಾಣೆ," ಎಂದಿದ್ದ ಅವನು.

ಮುಂದಿನ ಉಪನ್ಯಾಸಕ್ಕೆ ಸಭಾಂಗಣ ತುಂಬಿತ್ತು. ಎಂದೂ ಬಾರದ ಅಪ್ಪ ಅಂದು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮಗಳ ಕೆಲಸ ನೋಡಲು ಹೇಳದೆ ಕೇಳದೆ ಬಂದು ಮೊದಲ ಸಾಲಿನಲ್ಲಿ ಕೂತಿದ್ದರು! ಅವಳು ಹಿಗ್ಗಿ ಹೀರೇಕಾಯಿಯಾದಳು.

ಚಪ್ಪಾಳೆ ಬಿದ್ದಷ್ಟೂ ಮೇಷ್ಟ್ರಿಗೆ ಹುರುಪೇರಿತು. ಕ್ಯಾಂಟೀನಿನಲ್ಲಿ ಹೇಳಿದ್ದನ್ನು ಬಿಟ್ಟು ಬೇರೆಯೇ ದಾರಿ ಹಿಡಿದ. "ನನಗೊಬ್ಬ ಹುಡುಗಿ ಗೊತ್ತು. ತಂದೆಗೆ ಕಿವಿ ಕೇಳಿಸೋದಿಲ್ಲ ಅಂತ ಹಾಡೋದನ್ನೇ ಬಿಟ್ಟಳು..."

ಅವಳ ಕೈ ಗಾಳಿಯಲ್ಲೇ ನಿಂತಿತು.

'ಇದು ನನ್ನದು... ನನ್ನದು!'

ಹೇಳಿದ್ದನ್ನು ನುಂಗಬಾರದು, ಹೇಳದ್ದನ್ನು ಸೇರಿಸಬಾರದು. ಅವಳ ಕೆಲಸದ ಕಟ್ಟಳೆ ಅದು. ಅವಳ ಕೈಯನ್ನೇ ನಂಬಿ ಎಷ್ಟೋ ಜನ ಕೂತಿದ್ದರು. ಅವಳು ತನ್ನ ಗುಟ್ಟನ್ನು ಕೈಯಾರೆ ಅಪ್ಪನ ಮುಂದೆ ಹರವಿದಳು.

ಅಪ್ಪ ಎದ್ದು ಹೊರಗೆ ಹೋದರು.

"ಹೆಸರು ಹೇಳಲಿಲ್ವಲ್ಲ..." ವೇದಿಕೆಯ ಹಿಂದೆ ಅವನು ತಡವರಿಸಿದ.

"ಮೊದಲ ಸಾಲಲ್ಲಿ ಕೂತಿದ್ದು ನಮ್ಮಪ್ಪ!"

ಅವನ ಮುಖ ಬಿಳಿಚಿಕೊಂಡಿತು. "ನನಗೆ... ಗೊತ್ತಿರ್ಲಿಲ್ಲ."

"ಅಪ್ಪ ಬರದೇ ಇದ್ದಿದ್ರೆ ಸರಿಯಾಗ್ತಿತ್ತಾ? ನಂಬಿ ಹೇಳಿದ್ದನ್ನ ಚಪ್ಪಾಳೆಗೆ ಮಾರ್ಕೊಂಡ್ರಿ. ಅದೂ ನನ್ನ ಕೈಯಿಂದ್ಲೇ ಹೇಳಿಸಿ!"

ಮನೆಯಲ್ಲಿ ಅಪ್ಪ ಸನ್ನೆಯಲ್ಲಿ ಕೇಳಿದ್ದು ಒಂದೇ. "ನನ್ನಿಂದಾನಾ ಮಗಳೇ?"

ಅವಳು ಬಿಕ್ಕಿಬಿಕ್ಕಿ ಅತ್ತಳು. ಅಪ್ಪ ಅವಳ ಗಂಟಲಿನ ಮೇಲೆ ಅಂಗೈ ಇಟ್ಟು, ಹಾಡು ಎಂದು ತಲೆಯಾಡಿಸಿದರು. ಒಡೆದ ದನಿಯಲ್ಲೇ ಹಾಡಿದಳು. ಅಪ್ಪ ಕಣ್ಣು ಮುಚ್ಚಿ, ಅಂಗೈಯಲ್ಲೇ ಕೇಳಿದರು.

ಅಪ್ಪನ ಸಂಕಟ ಅಲ್ಲಿಗೆ ಇಳಿಯಿತು. ಅವಳದು ಇಳಿಯಲಿಲ್ಲ. ಅವನ ಫೋನ್ ಎತ್ತಲಿಲ್ಲ, ಅವನ ಉಪನ್ಯಾಸಗಳಿಗೆ ತನ್ನ ಬದಲು ಸನ್ನೆ ಭಾಷೆ ಬಲ್ಲ ಗೆಳತಿಯನ್ನು ಕಳಿಸಿದಳು. 'ಎಲ್ಲ ಬಿಟ್ಟು ಇವನನ್ನೇ ನಂಬಿದೆನಲ್ಲ...' ಎಂದು ತನ್ನ ಮೇಲೇ ಸಿಟ್ಟು.

ತಿಂಗಳುಗಳ ಮೇಲೆ ಒಂದು ಬೆಳಿಗ್ಗೆ ಅವನು ಬಾಗಿಲಲ್ಲಿ ನಿಂತಿದ್ದ. ಬಾಗಿಲು ತೆರೆದದ್ದು ಅಪ್ಪ. ಅವನು ತುಟಿ ಬಿಚ್ಚಲಿಲ್ಲ. ಅವಳ ಆ ಗೆಳತಿಯ ಹತ್ತಿರ ಕಲಿತ ಸನ್ನೆಗಳಲ್ಲಿ, ತಪ್ಪಿ, ತಿದ್ದಿ, ಬೆವರುತ್ತಾ ಹೇಳಿದ. "ನಿಮ್ಮ ಮಗಳು ನಂಬಿದ್ದಳು. ನಾನು ಮಾತು ಉಳಿಸಿಕೊಳ್ಳಲಿಲ್ಲ. ತಪ್ಪು ನನ್ನದು."

ಅಪ್ಪನ ಕೈ ಸರಸರನೆ ಏನೋ ಕೇಳಿತು. ಅವನು ಕಕ್ಕಾಬಿಕ್ಕಿಯಾಗಿ, ಅಪ್ಪನ ಹಿಂದೆ ಕಣ್ಣೀರು ಒರೆಸುತ್ತ ನಿಂತಿದ್ದ ಅವಳತ್ತ ತಿರುಗಿದ.

"ಸ್ವಲ್ಪ ನಿಧಾನಕ್ಕೆ ಅನ್ನಿ ಅವರಿಗೆ... ನನಗಿರೋದೂ ಎರಡೇ ಕೈ."

ಅಳುವಿನ ನಡುವೆಯೇ ಅವಳಿಗೆ ನಗು ಬಂತು. ಹಾಳಾದ ನಗು! ಅಪ್ಪ ಮೆಲ್ಲಗೆ ಒಳಗೆ ಸರಿದರು.

"ನೋವಿನ್ನೂ ಹೋಗಿಲ್ಲ," ಎಂದಳು.

"ಗೊತ್ತು. ಕಾಯ್ತೀನಿ. ಇನ್ನೊಂದು ಮಾತಿದೆ... ಅದನ್ನ ಮಾತ್ರ ಕಲೀದೆ ಬಂದಿದೀನಿ."

"ಯಾವುದು?"

"ಪ್ರೀತಿಸ್ತೀನಿ ಅನ್ನೋದು. ನಿಮ್ಮ ಹತ್ರಾನೇ ಕಲೀಬೇಕು ಅಂತ..."

ಅವಳು ಅವನ ಕೈ ಹಿಡಿದು, ಬೆರಳುಗಳನ್ನು ಒಂದೊಂದಾಗಿ ಮಡಿಸಿದಳು.

"ಹೀಗೆ... ನಿಧಾನಕ್ಕೆ."